ಏಳು ಗಂಟಿನ ಗೋಪುರ

ಜಯನಗರ ನಾಲ್ಕನೇ ಟಿ ಬ್ಲಾಕಿನ ಸೀನುವಿಗೆ ತನಗೊಂದು ಮೂಗಿದೆ ಎಂಬುದು ಗೊತ್ತಾದದ್ದು ಐವತ್ತಾರನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದು ಕನ್ನಡಕ ನಿಲ್ಲಿಸುವುದಕ್ಕೂ ಮಳೆಗಾಲದಲ್ಲಿ ಸೋರುವುದಕ್ಕೂ ಬಿಟ್ಟರೆ ಇನ್ಯಾವ ಕೆಲಸಕ್ಕೂ ಬಂದಿರಲಿಲ್ಲ. ಅವನು ಕೆಲಸ ಮಾಡುವ ಇನ್ಶೂರೆನ್ಸ್ ಆಫೀಸಿನವರು ನಂದಿಬೆಟ್ಟದ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಪ್ರವಾಸ ಹೋಗಿದ್ದರು. ಅಲ್ಲಿ ಟೈ ಕಟ್ಟಿದ ಯುವಕನೊಬ್ಬ ಎಲ್ಲರಿಗೂ ಎರಡೆರಡು ಗುಟುಕು ಕೆಂಪು ವೈನು ಹಂಚಿ, ಇದರಲ್ಲಿ ಯಾವ ಹಣ್ಣಿನ ವಾಸನೆ ಬರುತ್ತಿದೆ ಹೇಳಿ ಎಂದ. ಮಿಕ್ಕವರೆಲ್ಲ ದ್ರಾಕ್ಷಿ ಎಂದರು. ಸೀನು ಮಾತ್ರ ನೇರಳೆ ಎಂದ. ಯುವಕ ಚಪ್ಪಾಳೆ ತಟ್ಟಿ, ಸಾರ್‌ಗೆ ಒಳ್ಳೇ ಮೂಗಿದೆ ಎಂದುಬಿಟ್ಟ. ಸೀನು ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಪೊಟ್ಟಣದ ತುಂಬ ನೇರಳೆ ಹಣ್ಣು ತಿಂದು ಕೈ ತೊಳೆಯದೆ ಬಂದಿದ್ದ ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಅವನಿಗೂ ಅದು ನೆನಪಿಗೆ ಬರಲಿಲ್ಲ.

ಅಂದಿನಿಂದ ಮನೆಯಲ್ಲಿ ಮೂಸದೆ ಯಾವುದೂ ಬಾಯಿಗೆ ಹೋಗಲಿಲ್ಲ. ಕಾಫಿಯ ಲೋಟವನ್ನು ಮೂರು ಸುತ್ತು ತಿರುಗಿಸಿ, ಕಣ್ಣು ಮುಚ್ಚಿ ಉಸಿರೆಳೆದು, ಚಿಕ್ಕಮಗಳೂರಿನ ಯಾವ ಬದಿಯ ಬೀಜ ಎಂದು ಹೇಳುತ್ತಿದ್ದ. ಸಾರಿನಲ್ಲಿ ಇಂಗು ಮೊದಲು ಬರುತ್ತದೆ, ಕರಿಬೇವು ಆಮೇಲೆ ನಿಧಾನಕ್ಕೆ ಬಂದು ಕೂರುತ್ತದೆ ಎಂದು ವಿವರಿಸುತ್ತಿದ್ದ. ಹೆಂಡತಿ ಸತ್ಯಭಾಮಾ ಒಂದು ವಾರ ತಡೆದುಕೊಂಡಳು. ಎಂಟನೇ ದಿನ, ಊಟ ಮಾಡುವುದಾದರೆ ಒಳಗೆ ತಟ್ಟೆ ಹಾಕುತ್ತೇನೆ, ಮೂಸುವುದಾದರೆ ಹೊರಗೆ ಗೇಟಿನ ಹತ್ತಿರ ಕೂತುಕೊಳ್ಳಿ ಎಂದಳು.

ಸೀನುವಿನ ಅಕ್ಕನ ಮಗ ದೀಪಕ್ ಇಟಲಿಗೆ ಹೋದವನು ಮಾವನ ಮೂಗಿನ ಕೀರ್ತಿ ಕೇಳಿ ಒಂದು ಬಾಟಲಿ ಒಳ್ಳೆಯ ಕೆಂಪು ವೈನು ತಂದುಕೊಟ್ಟ. ದೇವರ ಮನೆ ಇರುವ ಮನೆಯೊಳಗೆ ಅದು ಬರಕೂಡದು ಎಂದು ಸತ್ಯಭಾಮಾ ಕಾನೂನು ಮಾಡಿದಳು. ಸೀನು ಕಾನೂನಿಗೆ ತಲೆಬಾಗುವ ಮನುಷ್ಯ. ದೇವರ ಮನೆ ಇರುವುದು ಕೆಳಗೆ, ತಾರಸಿಯ ಕೋಣೆ ಇರುವುದು ಮೇಲೆ, ಆದ್ದರಿಂದ ಅದು ಬೇರೆಯೇ ಮನೆ ಎಂದು ತೀರ್ಮಾನಿಸಿ ಬಾಟಲಿಯನ್ನು ಹಳೆಯ ಕೂಲರಿನ ಹಿಂದೆ ಇಟ್ಟ. ಅದು ಅಲ್ಲಿ ಮೂರು ತಿಂಗಳು ಸಮಯ ಕಾದಿತ್ತು.

ಆ ಸಮಯ ಬಂದದ್ದು ಒಂದು ಶನಿವಾರ. ಮುಂದಿನ ಶುಕ್ರವಾರ ಸತ್ಯಭಾಮಳ ತಂಗಿಯ ಮಗಳು ಸಮನ್ವಿತಾಳ ನಿಶ್ಚಿತಾರ್ಥ. ತಯಾರಿಗೆ ಕೈಜೋಡಿಸಲು ಸತ್ಯಭಾಮಾ ಎರಡು ದಿನ ಮೈಸೂರಿಗೆ ಹೋದಳು. ಭಾನುವಾರ ಸಂಜೆ ವಾಪಸ್ಸು. ಆಟೋ ತಿರುವಿನಲ್ಲಿ ಮರೆಯಾಗುವ ಮೊದಲೇ ಸೀನು ಚನ್ನವೀರನಿಗೆ ಫೋನು ಹಚ್ಚಿದ. ಚನ್ನವೀರ ಗದಗಿನ ಕಡೆಯವನು, ಅದೇ ಆಫೀಸಿನವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದವನು, ಸೀನು ಹೇಳಿದ್ದಕ್ಕೆಲ್ಲ ತಲೆಯಾಡಿಸುವಷ್ಟು ಸಜ್ಜನ.

ತೋಟದ ಯುವಕ ಹೇಳಿಕೊಟ್ಟ ಪ್ರಕಾರ ಒಳ್ಳೆಯ ವೈನನ್ನು ತೆರೆದು ಒಂದು ಗಂಟೆ ಗಾಳಿಗೆ ಬಿಡಬೇಕು. ಸೀನು ಬಾಟಲಿ ತೆರೆದಿಟ್ಟು ಕೆಳಗೆ ಬಂದ. ಸೀನುವಿನಂಥವರ ಕೈಗೆ ಒಂದು ಗಂಟೆ ಬಿಡುವು ಸಿಗಬಾರದು. ಹಾಲಿನ ಕುರ್ಚಿಯ ಮೇಲೆ ಕೆನೆಬಣ್ಣದ ರೇಷ್ಮೆ ಸೀರೆಯೊಂದು ಮಡಿಕೆ ಬಿದ್ದು ಕೂತಿತ್ತು. ಅವನ ಮಟ್ಟಿಗೆ ಸೀರೆಗಳಲ್ಲಿ ಇರುವುದೇ ನಾಲ್ಕು ಬಣ್ಣ. ಬಿಳಿಯ ಹತ್ತಿರದ್ದೆಂದರೆ ಅತ್ತೆಯ ಸೀರೆ. ಸತ್ಯಭಾಮಾ ನಿಶ್ಚಿತಾರ್ಥಕ್ಕೆ ಅಮ್ಮನ ಸೀರೆ ಉಡುತ್ತೇನೆಂದು ಒಂದು ತಿಂಗಳಿಂದ ಹೇಳುತ್ತಿದ್ದಳು. ಇಸ್ತ್ರಿ ಮಾಡಿಟ್ಟರೆ ಬಂದು ನೋಡಿ ಎಷ್ಟು ಖುಷಿಪಡುತ್ತಾಳೆ ಎಂದುಕೊಂಡು ಸೀನು ಪೆಟ್ಟಿಗೆ ಬಿಸಿಗಿಟ್ಟ. ಅದು ಅವನ ಕಾಟನ್ ಪ್ಯಾಂಟಿನ ಬಿಸಿಯಲ್ಲೇ ಇತ್ತು. ಸೆರಗಿನ ಮೇಲೆ ಇಟ್ಟದ್ದೇ ತಡ, ಚನ್ನವೀರನ ಫೋನು ಬಂತು: ಯಾವ ಕ್ರಾಸು, ಯಾವ ಮೇನು, ಗಾಡಿ ಎಲ್ಲಿ ನಿಲ್ಲಿಸಲಿ. ಟಿ ಬ್ಲಾಕಿನಲ್ಲಿ ದಾರಿ ಹೇಳುವುದು ಒಂದು ಮಾತಿನಲ್ಲಿ ಮುಗಿಯುವ ಕೆಲಸವಲ್ಲ. ಹೇಳಿ ಮುಗಿಸುವಷ್ಟರಲ್ಲಿ ಸುಟ್ಟ ವಾಸನೆ ಅಡುಗೆಮನೆಯನ್ನೂ ದಾಟಿತ್ತು. ಒಳ್ಳೆಯ ಮೂಗೆಂದು ಹೆಸರಾದವನಿಗೆ ಅದು ತೀರ ಕೊನೆಯಲ್ಲಿ ತಲುಪಿತು.

ಸೆರಗಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು.

ಸೀನು ಅಲ್ಲೇ ನೆಲಕ್ಕೆ ಕುಸಿದು ಕೂತ. ಅತ್ತೆ ಹೋಗಿ ನಾಲ್ಕು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಸತ್ಯಭಾಮಾ ಬೀರು ತೆಗೆದು ಆ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು, ಯಾರೂ ನೋಡಲಿಲ್ಲವೆಂದುಕೊಂಡು ಮತ್ತೆ ಒಳಗಿಡುವುದನ್ನು ಅವನು ಬಾಗಿಲಾಚೆಯಿಂದ ನೋಡಿದ್ದ. ಬೈಗುಳ ಅವನಿಗೆ ಹೊಸದಲ್ಲ, ಅದಕ್ಕೆ ಅವನು ಹೆದರುವವನೂ ಅಲ್ಲ. ಅವಳು ಬೈಯದೆ ಸುಮ್ಮನಾಗಿಬಿಟ್ಟರೆ ಏನು ಮಾಡುವುದು ಎಂಬುದೇ ಅವನ ಹೆದರಿಕೆ.

ಬಂದ ಚನ್ನವೀರ ಸೀರೆಯನ್ನು ಬೆಳಕಿಗೆ ಹಿಡಿದು, ತೂತಿನ ಸುತ್ತ ಬೆರಳಾಡಿಸಿ, ವೈದ್ಯರ ಹಾಗೆ ಪರೀಕ್ಷಿಸಿದ. ಆಮೇಲೆ ಬಾಗಿಲು ಮುಚ್ಚಿ ಬಂದು ತನ್ನ ಗುಟ್ಟು ಹೇಳಿದ. ಅವರ ಮನೆಯಲ್ಲಿ ಐದು ಜನ ಗಂಡುಮಕ್ಕಳು, ಹೆಣ್ಣು ಒಂದೂ ಇಲ್ಲ. ಅವ್ವ ಕಸೂತಿ ಹಾಕುವಾಗ ಸೂಜಿಗೆ ದಾರ ಪೋಣಿಸಲು ಕೂತವನು ತಾನೇ ಕಲಿತುಬಿಟ್ಟಿದ್ದ. ಆಫೀಸಿನಲ್ಲಿ ಗೊತ್ತಾದರೆ ಮಾನ ಹೋಗುತ್ತದೆಂದು ಹನ್ನೆರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

“ಒಳಗಿನ ತುದಿಯಿಂದ ಒಂದ್ ಚೂರು ಕತ್ತರಿಸಿ ತೂತಿನ ಕೆಳಗ ಇಡೋಣ. ಮ್ಯಾಲೆ ಒಂದು ಆನಿ ಕೂಡ್ರಿಸಿದ್ರ ಮುಗೀತು,” ಎಂದ. “ಆದ್ರ ಒಂದೇ ಆನಿ ಆದ್ರ ಸುಟ್ಟಿದ್ದು ಮುಚ್ಚ್ಯಾರ ಅಂತ ಗೊತ್ತಾಗತೈತಿ. ಬಾಜೂಕ ಒಂದು ಗೋಪುರ ಬೇಕು. ಅದನ್ನ ನೀವ ಹಾಕ್ರಿ.”

ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಬಣ್ಣದ ರೇಷ್ಮೆ ದಾರ, ಸೂಜಿ ಬಂದವು. ತಾರಸಿಯ ಶೀಟಿನ ನೆರಳಲ್ಲಿ ಮಂಚ ಹಾಕಿ, ಅದರ ಮೇಲೆ ಸೀರೆ ಹರಡಿ, ಇಬ್ಬರೂ ಎದುರುಬದುರು ಕೂತರು. ವೈನು ಅಷ್ಟು ಹೊತ್ತಿಗೆ ಒಂದಲ್ಲ, ಮೂರು ಗಂಟೆ ಗಾಳಿ ಕುಡಿದಿತ್ತು. ತೆರೆದ ಬಾಟಲಿಯನ್ನು ಹಾಗೇ ಬಿಡುವುದು ಇಟಲಿಗೆ ಮಾಡುವ ಅವಮಾನ ಎಂದು ಸೀನು ಎರಡು ಗಾಜಿನ ಲೋಟಕ್ಕೆ ಸುರಿದ. ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಸೂಜಿ.

ಚನ್ನವೀರ ಒಂದು ಗುಟುಕು ಕುಡಿದು, ಒಗರದ ಎಂದ. ಸೀನು ಮುಗುಳ್ನಕ್ಕು, ಮೊದಲು ಮೂಸಬೇಕು ಎಂದು ಕಲಿಸಿದ. ಚನ್ನವೀರ ಮೂಸಿ, ಮೊದಲ ಮಳಿ ಬಿದ್ದ ಎರಿ ಹೊಲದ ವಾಸನಿ ಬರತೈತಿ, ಹಿಂದಿಂದ ಒಂಚೂರು ಲವಂಗ ಎಂದ. ಸೀನು ಗುಟ್ಟಾಗಿ ಬಾಟಲಿಯ ಹಿಂಬದಿಯ ಚೀಟಿ ಓದಿದ. ಒದ್ದೆ ಮಣ್ಣು, ಲವಂಗ ಎಂದೇ ಅಲ್ಲಿ ಬರೆದಿತ್ತು. ತನಗೆ ಬಂದದ್ದು ಸುಟ್ಟ ರೇಷ್ಮೆಯ ವಾಸನೆ ಮಾತ್ರ ಎಂದು ಅವನು ಹೇಳಲಿಲ್ಲ. ಗುರುವಿನ ಸ್ಥಾನ ಉಳಿಸಿಕೊಳ್ಳಲೇಬೇಕಾಗಿ ಬಂದು, ಲೋಟವನ್ನು ಹೇಗೆ ತಿರುಗಿಸಬೇಕು ಎಂದು ತೋರಿಸಿದ. ಮಣಿಕಟ್ಟನ್ನು ಸಡಿಲ ಬಿಟ್ಟು ತಿರುಗಿಸಬೇಕು. ಸೀನು ಬಹಳ ಸಡಿಲ ಬಿಟ್ಟ.

ಮೂರು ಹನಿ ಸೀರೆಯ ಮೇಲೆ ಬಿದ್ದವು.

ಫೋನಿನಲ್ಲಿ ಹುಡುಕಿದರೆ, ಕಲೆಗೆ ಉಪ್ಪು ಸುರಿದು ನಿಂಬೆಹಣ್ಣು ತಿಕ್ಕಿ ಎಂದು ಒಬ್ಬಾಕೆ ನಗುತ್ತ ಹೇಳುತ್ತಿದ್ದಳು. ಅಡುಗೆಮನೆಯ ಉಪ್ಪಿನ ಡಬ್ಬಿ, ಆರು ನಿಂಬೆಹಣ್ಣು ಮೇಲೆ ಬಂದವು. ಕತ್ತರಿಸಿ ತಿಕ್ಕಿದರು. ಕೆಂಪು ಕಲೆ ನೇರಳೆಯಾಯಿತು, ಹೋಗಲಿಲ್ಲ. ಚನ್ನವೀರ ಉಸಿರುಬಿಟ್ಟು, ಇಲ್ಲೊಂದು ನವಿಲು, ಅಲ್ಲೊಂದು ಗಿಣಿ, ಅದರಾಚೆ ಒಂದು ತುಳಸಿಕಟ್ಟೆ ಎಂದು ಜಾಗ ಗುರುತು ಮಾಡಿದ.

ಪಕ್ಕದ ಮನೆಯ ತಾರಸಿಯಲ್ಲಿ ಈಶ್ವರಮ್ಮನವರು ಒಣಮೆಣಸಿನಕಾಯಿ ತಿರುವಿ ಹಾಕುತ್ತಿದ್ದರು. ಎಪ್ಪತ್ತೆರಡು ವರ್ಷ, ಒಂಟಿ ಜೀವ, ಮೊಣಕಾಲು ನೋವು. ಆ ನೋವು ಅಂಗಡಿಗೆ ಹೋಗುವಾಗ ಬರುತ್ತದೆ, ತಾರಸಿ ಹತ್ತುವಾಗ ಬರುವುದಿಲ್ಲ. ಅವರು ಕಂಡದ್ದನ್ನು ನ್ಯಾಯವಾಗಿ ಹೇಳಬೇಕು. ಹೆಂಡತಿ ಊರಲ್ಲಿಲ್ಲ. ಇಬ್ಬರು ಗಂಡಸರು ಮಂಚದ ಮೇಲೆ ಬಿಳಿ ಬಟ್ಟೆ ಹರಡಿದ್ದಾರೆ. ಬಟ್ಟೆಯ ಮೇಲೆ ಕೆಂಪು ಹನಿ, ಸುತ್ತ ಕತ್ತರಿಸಿದ ನಿಂಬೆಹಣ್ಣು, ಉಪ್ಪಿನ ರಾಶಿ, ಚುಚ್ಚಿ ನಿಲ್ಲಿಸಿದ ಸೂಜಿ. ನಾಳೆ ಅಮಾವಾಸ್ಯೆ. ಇದನ್ನು ಕಂಡು ಕಸೂತಿ ಎಂದುಕೊಳ್ಳುವವರು ಜಯನಗರದಲ್ಲಿ ಇನ್ನೂ ಹುಟ್ಟಿಲ್ಲ.

ಆದರೂ ಅವರು ಒಳ್ಳೆಯ ಹೆಂಗಸು, ಕೇಳದೆ ತೀರ್ಪು ಕೊಡುವವರಲ್ಲ. ಮೋಟುಗೋಡೆಗೆ ಬಂದು, ಏನಪ್ಪಾ ನಡೀತಿದೆ ಎಂದರು.

ಸೀನು ಬೆಚ್ಚಿಬಿದ್ದು ಸೀರೆಯ ಮೇಲೆ ಟವೆಲು ಮುಚ್ಚಿದ. “ಏನಿಲ್ಲ ಈಶ್ವರಮ್ಮನೋರೆ, ಸಣ್ಣ ಕೆಲಸ.”

“ಯಾರಿಗೆ?”

“ನಮ್ಮ ಸತ್ಯಭಾಮಾಗೆ. ದಯವಿಟ್ಟು ಅವಳಿಗೆ ಗೊತ್ತಾಗೋದು ಬೇಡ. ನಾಳೆ ಸಾಯಂಕಾಲ ಅವಳು ಬರೋಷ್ಟರಲ್ಲಿ ಎಲ್ಲಾ ಮುಗಿಸಿಬಿಡ್ತೀವಿ.”

ಈಶ್ವರಮ್ಮನವರು ಇವನನ್ನು ನೋಡಿದರು. ಕೆಂಪಾದ ತುಟಿ, ಕೆಂಪಾದ ಹಲ್ಲು. ಪಕ್ಕದಲ್ಲಿ ಗುರುತು ಪರಿಚಯವಿಲ್ಲದ, ಹಣೆತುಂಬ ವಿಭೂತಿಯ, ತುಟಿ ಕೆಂಪಾದ ಇನ್ನೊಬ್ಬ. ಮೆಣಸಿನಕಾಯಿಯನ್ನು ಅರ್ಧಕ್ಕೇ ಬಿಟ್ಟು ಇಳಿದುಹೋದರು. ನೋಡಿದೆಯಾ, ಎಷ್ಟು ಅರ್ಥ ಮಾಡ್ಕೊಂಡ್ರು ಎಂದು ಸೀನು ಚನ್ನವೀರನಿಗೆ ಹೇಳಿದ.

ಇಳಿದವರು ಮೊದಲು ಮೈಸೂರಿಗೆ ಫೋನು ಮಾಡಿ, ನಾಳೆ ಬಂದ ತಕ್ಷಣ ನಿಮ್ಮ ಮನೆಗೆ ಕಾಲಿಡಬೇಡ, ನೀರು ಸಹ ಕುಡಿಯಬೇಡ, ಸೀದಾ ನಮ್ಮ ಮನೆಗೆ ಬಾ ಎಂದು ಹೇಳಿ ಇಟ್ಟರು. ಯಾಕೆಂದು ಹೇಳಲಿಲ್ಲ, ಹೇಳಬಾರದ್ದನ್ನು ಫೋನಿನಲ್ಲಿ ಹೇಳುವುದು ಅವರ ಪದ್ಧತಿಯಲ್ಲ. ಸತ್ಯಭಾಮಾ ಗಾಬರಿಯಾಗಿ ಗಂಡನಿಗೆ ಫೋನು ಮಾಡಿ, ಹುಷಾರಾಗಿದ್ದೀರಾ ಎಂದಳು. ಸಿಕ್ಕಿಬಿದ್ದೆನೆಂದು ಹೆದರಿದ ಸೀನು, ಹುಷಾರಾಗಿದ್ದೀನಿ, ನೀನು ನಿಧಾನವಾಗಿ ಬಾ, ಆದಷ್ಟೂ ನಿಧಾನವಾಗಿ ಬಾ ಎಂದ. ಅವಳು ಕೂಡಲೇ ಭಾನುವಾರ ಬೆಳಗಿನ ರೈಲು ಹಿಡಿಯಲು ನಿರ್ಧರಿಸಿದಳು.

ಬೆಳಗಾಗುವಷ್ಟರಲ್ಲಿ ಮಾತು ಹಾಲಿನ ಬೂತನ್ನು ಮುಟ್ಟಿತ್ತು. ಎದುರುಮನೆಯ ಶಶಿಕಾಂತ್ ಸೀನುವಿನ ಗೇಟಿನ ಮುಂದೆ ನಿಲ್ಲಿಸುತ್ತಿದ್ದ ತನ್ನ ಕಾರನ್ನು ಮುಂದಿನ ಕ್ರಾಸಿಗೆ ಒಯ್ದ. ಇಪ್ಪತ್ತು ವರ್ಷದಿಂದ ಬೇಡಿಕೊಂಡರೂ ತೆಗೆಯದ ಕಾರು ಅದು. ಸೀನುವಿಗೆ ಮನುಷ್ಯರು ಒಳ್ಳೆಯವರಾಗುತ್ತಿದ್ದಾರೆ ಅನಿಸಿತು. ತರಕಾರಿ ಗಾಡಿಯ ದುಂಡವ್ವನ ಹತ್ತಿರ ಇನ್ನೊಂದು ಡಜನ್ ನಿಂಬೆಹಣ್ಣು ಕೇಳಿದಾಗ ಆಕೆ ಅವನ ಮುಖ ನೋಡದೆ ಎಣಿಸಿ ಹಾಕಿ, ಎರಡು ಹಸಿಮೆಣಸಿನಕಾಯಿ ಮೇಲಿಟ್ಟು, ಇದೂ ಬೇಕಾಗತೈತಲ್ರಿ ಎಂದಳು. ಕೇಳದೆ ಕೊಟ್ಟದ್ದಕ್ಕೆ ಸೀನು ಕೈಮುಗಿದ. ದುಂಡವ್ವ ಗಾಡಿ ತಳ್ಳಿಕೊಂಡು ಓಡಿದಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಚನ್ನವೀರ ಆನೆ, ನವಿಲು, ಗಿಣಿ, ತುಳಸಿಕಟ್ಟೆ ಮುಗಿಸಿ, ಹೊಸದಾಗಿ ಬಿದ್ದ ಎರಡು ಹನಿಗೆ ಎರಡು ಹಂಸ ಕೂರಿಸಿದ್ದ. ಒಂದೊಂದೂ ಹೆಬ್ಬೆರಳ ಗಾತ್ರ, ಎಳೆ ಎಳೆ ಎಣಿಸಿ ಹಾಕಿದ್ದು. ಸೀನುವಿನ ಗೋಪುರ ಒಂದು ಬದಿಗೆ ವಾಲಿಕೊಂಡು ಇನ್ನೂ ಕಳಸಕ್ಕೆ ಬಂದಿರಲಿಲ್ಲ. ಆದರೆ ಸೀನು ಬದಲಾಗಿದ್ದ. ಬೆಳಿಗ್ಗೆಯಿಂದ ಲೋಟ ತಿರುಗಿಸುವುದನ್ನು ಬಿಟ್ಟು, ಮೂಸುವುದನ್ನೂ ಮರೆತು, ಸುಮ್ಮನೆ ಕುಡಿಯುತ್ತ ಸುಮ್ಮನೆ ಹೊಲಿಯುತ್ತಿದ್ದ. ಆಗ ಅವನಿಗೆ ವೈನು ಮೊದಲ ಸಲ ರುಚಿಯೆನಿಸಿತು. ಗೆಳೆಯನ ಎದುರು ಕೂತು ಕೈಕೆಲಸ ಮಾಡುವುದು ಇಷ್ಟು ಸುಖ ಎಂದು ಗೊತ್ತಿರಲಿಲ್ಲ ಎಂದೂ ಹೇಳಿದ. ಚನ್ನವೀರ ನಾಚಿಕೊಂಡು ಸೂಜಿಗೆ ದಾರ ಪೋಣಿಸಿದ.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

ಮೊದಲು ಬಂದವನು ಹೆಡ್ ಕಾನ್ಸ್‌ಟೇಬಲ್ ಬಸಪ್ಪ, ಈಶ್ವರಮ್ಮನವರ ಕೆಳಮನೆಯ ಬಾಡಿಗೆದಾರ. ಅಂದು ಅವನಿಗೆ ವಾರದ ರಜೆ. ಲುಂಗಿ ಬನಿಯನ್ನಿನಲ್ಲಿ ಮಲಗಿದ್ದವನನ್ನು ಎಬ್ಬಿಸಿದ್ದರಿಂದ, ಕರ್ತವ್ಯಕ್ಕೆ ಲೋಪವಾಗದಂತೆ ತಲೆಗೆ ಟೋಪಿ ಮಾತ್ರ ಇಟ್ಟುಕೊಂಡು ಬಂದಿದ್ದ. ಸೊಂಟದಿಂದ ಮೇಲೆ ಸರ್ಕಾರವಾಗಲು ಅದು ಸಾಲದಿದ್ದರೂ ಕತ್ತಿನಿಂದ ಮೇಲೆ ಸಾಕಾಗಿತ್ತು. ಹಿಂದೆ ಬೇವಿನಸೊಪ್ಪು ಹಿಡಿದ ಈಶ್ವರಮ್ಮ. ಅವರ ಹಿಂದೆ ಮೈಸೂರಿನ ಚೀಲವನ್ನೂ ಇಳಿಸದೆ ಬಂದ ಸತ್ಯಭಾಮಾ.

ಹದಿನೆಂಟು ನಿಂಬೆಹಣ್ಣಿನ ಸಿಪ್ಪೆಯ ನಡುವೆ, ಸೀರೆಯ ಮೇಲೆ ಟವೆಲು ಎಳೆದು ಇಬ್ಬರೂ ಎದ್ದು ನಿಂತರು. ಸತ್ಯಭಾಮಾ ಗಂಡನ ಕೆಂಪು ತುಟಿಯನ್ನು ನೋಡಿದಳು, ಮಾತಾಡಲಿಲ್ಲ. ಸೀನು ಹೆದರಿಕೊಂಡಿದ್ದ ಮೌನ ಇದೇ.

ಬಸಪ್ಪ ಟವೆಲು ಸರಿಸಿ, ಕೆಲಸ ನಡೆದಿದ್ದ ಸೆರಗಿನ ಭಾಗವನ್ನು ಎತ್ತಿ ಬಿಸಿಲಿಗೆ ಹಿಡಿದ. ಸ್ವಲ್ಪ ಹೊತ್ತು ನೋಡಿದ ಮೇಲೆ ಅವನ ಮುಖ ಸಡಿಲವಾಯಿತು. ಅವನು ಬಾಗಲಕೋಟೆಯವನು. “ಅವ್ವಾರ, ಇದು ಕಸೂತಿರಿ,” ಎಂದ. “ನಮ್ಮವ್ವ ಹಾಕ್ತಿದ್ಲು. ಮಾಟ ಮಾಡಾವ್ರು ಗಂಟು ಹಾಕ್ತಾರ. ಗಂಟಿಲ್ದ ಮಾಟ ಇಪ್ಪತ್ತು ವರ್ಷದ ಸರ್ವಿಸಿನಾಗ ನಾ ನೋಡಿಲ್ಲ. ಕಸೂತಿಯಾಗ ಗಂಟು ಇರಂಗಿಲ್ಲ. ಮುಂದ ಹ್ಯಾಂಗೋ ಹಿಂದೂ ಹಂಗ. ನೀವ ನೋಡ್ರಿ.”

ಆನೆಯ ಹಿಂಬದಿ ತಿರುಗಿಸಿದ. ಗಂಟಿಲ್ಲ. ನವಿಲಿನ ಹಿಂದೆ ಗಂಟಿಲ್ಲ. ಗಿಣಿ, ತುಳಸಿಕಟ್ಟೆ, ಎರಡು ಹಂಸ, ಎಲ್ಲೂ ಇಲ್ಲ. ಈಶ್ವರಮ್ಮನವರ ಕೈಯ ಬೇವಿನಸೊಪ್ಪು ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ಬಸಪ್ಪ ಕೊನೆಗೆ ಗೋಪುರದ ಹಿಂಬದಿ ತಿರುಗಿಸಿದ.

ಒಂದು, ಎರಡು ಎಂದು ಅವನೇ ಎಣಿಸಿದ. ಏಳು ಗಂಟು. ಬೇವಿನಸೊಪ್ಪು ಮತ್ತೆ ಮೇಲಕ್ಕೆ ಹೋಯಿತು. ಬಸಪ್ಪನ ಕೈ ಟೋಪಿಯನ್ನು ನೇರ ಮಾಡಿತು. ಎಲ್ಲರೂ ಚನ್ನವೀರನ ಕಡೆ ನೋಡಿದರು. ಮಾಟಗಾರನೆಂದು ಕರೆದರೂ ಸಹಿಸುತ್ತಿದ್ದ ಆ ಸಜ್ಜನ, ಆ ಗಂಟನ್ನು ತನ್ನ ತಲೆಗೆ ಕಟ್ಟುವುದನ್ನು ಸಹಿಸಲಿಲ್ಲ.

“ಅದು ನಂದಲ್ರಿ,” ಎಂದ.

ಸೀನು ಮುಂದೆ ಬಂದ. “ನಂದು,” ಎಂದ. “ಗಂಟು ಹಾಕದೆ ಹೊಲಿಯೋಕೆ ಧೈರ್ಯ ಬರಲಿಲ್ಲ. ಬಿಚ್ಚಿಹೋಗತ್ತೆ ಅನ್ಸಿತು.”

ಆಮೇಲೆ ಉಳಿದದ್ದೆಲ್ಲ ತಾನಾಗಿ ಹೊರಬಂತು. ಕೂಲರಿನ ಹಿಂದಿನ ಬಾಟಲಿ, ಇಸ್ತ್ರಿ ಪೆಟ್ಟಿಗೆ, ತೂತು, ಲೋಟ ತಿರುಗಿಸಿದ್ದು, ನಿಂಬೆಹಣ್ಣು, ಮತ್ತು ಯಾರೂ ಕೇಳದಿದ್ದರೂ, ಆ ದಿನ ಬೆಳಿಗ್ಗೆ ತಿಂದ ನೇರಳೆ ಹಣ್ಣು. ಬಸಪ್ಪ ಖಾಲಿ ಬಾಟಲಿಯನ್ನು ಮೂಸಿ, ದ್ರಾಕ್ಷಿದೈತಿ ಎಂದು ಸರ್ಕಾರದ ಪರವಾಗಿ ತೀರ್ಪು ಕೊಟ್ಟ.

“ನಿಮ್ಮಮ್ಮನ ಸೀರೆ ಸುಟ್ಟುಬಿಟ್ಟೆ ಸತ್ಯಾ,” ಎಂದ ಸೀನು. “ನೀನು ಅದನ್ನ ಮುಖಕ್ಕೆ ಒತ್ಕೊಳ್ಳೋದು ನಾನು ನೋಡಿದೀನಿ. ನಿನ್ನ ಮುಖ ಹೇಗೆ ನೋಡಲಿ ಅಂತ ಗೊತ್ತಾಗ್ಲಿಲ್ಲ.”

ಸತ್ಯಭಾಮಾ ಚೀಲ ಇಳಿಸಿದಳು. ಮೂವತ್ತು ವರ್ಷದಲ್ಲಿ ಗಂಡ ಬಾಗಿಲಾಚೆ ನಿಂತು ಏನನ್ನೋ ನೋಡಿದ್ದಾನೆ ಎಂಬುದು ಅವಳಿಗೆ ಅಂದೇ ಗೊತ್ತಾದದ್ದು. ಕಣ್ಣು ಒರೆಸಿಕೊಂಡು ಸೀರೆಯನ್ನು ಪೂರ್ತಿ ಬಿಡಿಸಿ ನೋಡಿದಳು. ನೋಡಿದವಳ ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು.

“ಇದು ಅಮ್ಮಂದಲ್ಲ,” ಎಂದಳು ಮೆಲ್ಲಗೆ. “ಅಮ್ಮಂದು ಬೀರುವಲ್ಲಿದೆ. ಇದು ಈಶ್ವರಮ್ಮನೋರದು. ಸುಕ್ಕು ತೆಗೆಸೋಕೆ ರೋಲಿಂಗ್‌ಗೆ ಕೊಟ್ಟು ಬರ್ತೀನಿ ಅಂತ ಶುಕ್ರವಾರ ನಾನೇ ಇಸ್ಕೊಂಡು ಬಂದಿದ್ದೆ.”

ಬಸಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಈಶ್ವರಮ್ಮನವರು ಮಂಚದ ತುದಿಗೆ ಕೂತು, ಸೀರೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅಂಚನ್ನು ಬೆರಳಲ್ಲಿ ಹುಡುಕಿದರು. ತಮ್ಮದೇ ಎಂದು ಕೈಗೆ ಗೊತ್ತಾಯಿತು.

ಬೈಯುತ್ತಾರೆಂದು ಸೀನು ಕಾದ. ಅವರು ಬೈಯಲಿಲ್ಲ. ಯಾರನ್ನೂ ನೋಡದೆ ಹೇಳತೊಡಗಿದರು. ಅವರ ಯಜಮಾನರು ಜೀವಮಾನದಲ್ಲಿ ಒಂದೇ ಒಂದು ಸಲ ಸೀರೆ ಆರಿಸಿ ತಂದಿದ್ದರಂತೆ. ಹೇಳದೆ ಕೇಳದೆ, ಇಡೀ ದಿನ ಚಿಕ್ಕಪೇಟೆಯ ಅಂಗಡಿ ಅಂಗಡಿ ಸುತ್ತಿ ತಂದದ್ದು ಇದು. ಒಂದು ಹೂವಿಲ್ಲ, ಒಂದು ಬುಟ್ಟಾ ಇಲ್ಲ. ಇಷ್ಟು ಬೋಳು ಸೀರೆ ಯಾರಾದರೂ ತರುತ್ತಾರಾ ಎಂದು ಇವರು ಎಲ್ಲರ ಎದುರಿಗೆ ಅಂದುಬಿಟ್ಟರಂತೆ. ಯಜಮಾನರು ನಕ್ಕರು. ಆದರೆ ಆಮೇಲೆ ಯಾವತ್ತೂ ಏನನ್ನೂ ಆರಿಸಿ ತರಲಿಲ್ಲ. ಅವರು ಹೋಗಿ ಹನ್ನೊಂದು ವರ್ಷ. ಉಡುವುದಿಲ್ಲ, ವರ್ಷಕ್ಕೊಂದು ಸಲ ರೋಲಿಂಗಿಗೆ ಕೊಟ್ಟು ತಂದು ಇಡುತ್ತಾರೆ, ಅಷ್ಟೇ.

ಸೀನು ಕೈಮುಗಿದು, ಎಲ್ಲವನ್ನೂ ಬಿಚ್ಚಿಬಿಡುತ್ತೇವೆ, ಒಂದೆಳೆಯೂ ಉಳಿಯದ ಹಾಗೆ ಬಿಚ್ಚುತ್ತೇವೆ ಎಂದ. ಅವನ ದನಿ ಅಳುವವನ ಹಾಗಿತ್ತು. ಬಿಚ್ಚಿದರೆ ಕಲೆಯೂ ತೂತೂ ಕಾಣುತ್ತವೆ ಎಂದು ಚನ್ನವೀರ ತಲೆತಗ್ಗಿಸಿಕೊಂಡೇ ಹೇಳಿದ.

“ಬಿಚ್ಚೋದೇನೂ ಬೇಡ,” ಎಂದರು ಈಶ್ವರಮ್ಮ. ವಾಲಿದ ಗೋಪುರದ ಮೇಲೆ ಒಮ್ಮೆ ಬೆರಳಿಟ್ಟರು. ಆಮೇಲೆ ಸೀರೆಯನ್ನು ಸರಿಸುತ್ತ, ಆನೆ ದಾಟಿ, ಹಂಸ ದಾಟಿ, ಏನೂ ಇಲ್ಲದ ಕೆನೆಬಣ್ಣದ ಭಾಗ ಬಂದ ಕೂಡಲೇ ಅಂಗೈ ಅಗಲಿಸಿ ಅದರ ಮೇಲೆ ಊರಿದರು.

“ಇಲ್ಲಿಂದ ಆಚೆಗೆ ಏನೂ ಹಾಕ್ಬೇಡ ಸೀನು. ಇಷ್ಟು ಅವ್ರು ತಂದ ಹಾಗೇ ಇರ್ಲಿ.”

ಸೀನು ತಲೆಯಾಡಿಸಿ, ಕೈಯಲ್ಲಿದ್ದ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದ.